ಪಕ್ಕದ ಸೀಟಿನ ಬ್ರೇಕು

ಆ ಊರಿನ ರಸ್ತೆಗಳಲ್ಲಿ ಇವತ್ತು ಗಾಡಿ ಓಡಿಸುವವರಲ್ಲಿ ಅರ್ಧಕ್ಕರ್ಧ ಜನ ಬ್ರೇಕ್ ಮೇಷ್ಟ್ರ ಬೈಗುಳ ತಿಂದೇ ಕಲಿತವರು. ಮೇಷ್ಟ್ರಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಡ್ರೈವಿಂಗ್ ಸ್ಕೂಲಿನ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲೂ ಇತ್ತು. ಆದರೆ ಬೋರ್ಡು ಓದುವ ಪುರಸೊತ್ತು ಯಾರಿಗಿದೆ? ಕಲಿಯುವವರ ಗಾಡಿಯಲ್ಲಿ ಪಕ್ಕದ ಸೀಟಿನ ಕಾಲಬುಡದಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತವಲ್ಲ, ಸ್ಟೇರಿಂಗ್ ಹಿಡಿದವನು ಎಡವಟ್ಟು ಮಾಡಿದರೆ ಕಲಿಸುವವನು ಅಲ್ಲಿಂದಲೇ ಗಾಡಿ ನಿಲ್ಲಿಸಲಿ ಅಂತ, ಆ ಸೀಟಿನಲ್ಲಿ ಕೂತೇ ಮೇಷ್ಟ್ರು ತಮ್ಮ ಆಯುಷ್ಯ ಸವೆಸಿದ್ದರು. ಸ್ವಂತಕ್ಕೆ ಸ್ಟೇರಿಂಗ್ ಹಿಡಿದದ್ದಕ್ಕಿಂತ ಇನ್ನೊಬ್ಬರು ಹಿಡಿದದ್ದನ್ನು ತಡೆದದ್ದೇ ಹೆಚ್ಚು.

ಬೈಯುವುದರಲ್ಲಿ ಅವರಿಗೆ ಅವರೇ ಸಾಟಿ. "ಕನ್ನಡಿ ಇರೋದು ನಿಮ್ಮ ಮುಖ ನೋಡ್ಕೊಳ್ಳೋಕಲ್ಲ ಮಹಾರಾಣಿ, ಹಿಂದೆ ಬರೋನ ಮುಖ ನೋಡೋಕೆ!" "ಏನ್ ಸಾಹೇಬ್ರೇ, ಗೇರ್ ಹಾಕ್ತಿದೀರೋ, ಹಿಟ್ಟು ಕಲಸ್ತಿದೀರೋ?" ಕಚೇರಿಯಲ್ಲಿ ನೂರು ಜನರನ್ನು ನಡುಗಿಸುವ ಅಧಿಕಾರಿಗಳು ಮೇಷ್ಟ್ರ ಗಾಡಿಯಿಂದ ಬೆವರು ಒರೆಸಿಕೊಳ್ಳುತ್ತ ಇಳಿಯುತ್ತಿದ್ದರು. ಆದರೆ ಒಂದು ವಿಚಿತ್ರ ಇತ್ತು. ನಿಜವಾಗಿಯೂ ಜೀವಕ್ಕೆ ಕುತ್ತು ಬಂದ ಗಳಿಗೆಯಲ್ಲಿ ಆ ಬಾಯಿ ಬೈಯುತ್ತಿರಲಿಲ್ಲ. ದನಿ ಇದ್ದಕ್ಕಿದ್ದಂತೆ ಮೆತ್ತಗಾಗಿ, "ಹೆದರ್ಬೇಡ ಮಗೂ, ನಾನಿದೀನಿ" ಎನ್ನುತ್ತಿತ್ತು, ಅಷ್ಟರಲ್ಲಿ ಕಾಲು ಬ್ರೇಕಿನ ಮೇಲಿರುತ್ತಿತ್ತು. ಮೇಷ್ಟ್ರು ಬೈತಿದಾರೆ ಅಂದ್ರೆ ಏನೂ ತೊಂದರೆ ಇಲ್ಲ, ಮಗೂ ಅಂದ್ರು ಅಂದ್ರೆ ಉಸಿರೆತ್ತದೆ ಹೇಳಿದ ಹಾಗೆ ಮಾಡು ಎಂದು ಹಳೆಯ ಶಿಷ್ಯರು ಹೊಸಬರಿಗೆ ಹೇಳಿಕೊಡುತ್ತಿದ್ದರು.

ಮಗಳು ಅಪ್ಪನ ಕಸುಬನ್ನೂ ಕಲಿತಳು, ಬಾಯನ್ನೂ ಕಲಿತಳು. ತಾಯಿ ತೀರಿಕೊಂಡ ಮೇಲೆ ಸ್ಕೂಲಿನ ಅರ್ಧ ಪಾಠ ಅವಳದೇ ಆಯಿತು. ಮದುವೆಯ ಮಾತೆತ್ತಿದವರಿಗೆ, "ಪಕ್ಕದ ಸೀಟು ಖಾಲಿ ಇಲ್ಲ, ಹಿಂದೆ ಕೂರ್ತಾರಾ ಕೇಳಿ ನೋಡಿ" ಎನ್ನುತ್ತಿದ್ದಳು. ಕೇಳಿ ನೋಡುವ ಧೈರ್ಯ ಯಾರಿಗೂ ಬರಲಿಲ್ಲ.

ಇಂಥ ಮೇಷ್ಟ್ರ ತಲೆಗೆ ಮರೆವು ಹೊಕ್ಕಿತು. ಮೊದಮೊದಲು ಕನ್ನಡಕ, ಬೀಗದ ಕೈ, ಊಟ ಆಯಿತೋ ಇಲ್ಲವೋ ಎಂಬಂಥ ಸಣ್ಣಪುಟ್ಟವು. ನೆಂಟರು ನಕ್ಕು, ವಯಸ್ಸಾಯಿತಲ್ಲ ಎಂದರು. ಆಮೇಲೆ ಮೇಷ್ಟ್ರು ಬೀದಿಯಲ್ಲಿ ನಿಂತ ಯಾರದೋ ಕಾರಿನ ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂರಲು ಶುರು ಮಾಡಿದರು. ಕೂತು, ಕೈ ಕಟ್ಟಿಕೊಂಡು, ಕಲಿಯುವವರು ಬರಲಿ ಎಂದು ಕಾಯುವುದು. ಒಮ್ಮೆ ಸಿಗ್ನಲ್ಲಿನಲ್ಲಿ ನಿಂತಿದ್ದ ಕಾರು ಹತ್ತಿಬಿಟ್ಟರು. ಸ್ಟೇರಿಂಗ್ ಹಿಡಿದಿದ್ದ ಹೆಂಗಸು ಕಿಟಾರನೆ ಕಿರುಚಿದಳು. ಮೇಷ್ಟ್ರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಕಿರುಚಿದ್ರೆ ಗಾಡಿ ಹೋಗಲ್ಲ ಮಹಾರಾಣಿ. ಮೊದಲನೇ ಗೇರು" ಎಂದರಂತೆ. ಅವಳು ಪೊಲೀಸರ ಮುಂದೆ ಇದನ್ನು ಹೇಳುವಾಗ ಅಲ್ಲಿದ್ದ ಪೊಲೀಸಿನವನಿಗೆ ನಗು ತಡೆಯಲಾಗಲಿಲ್ಲ, ಅವನೂ ಮೇಷ್ಟ್ರ ಹತ್ತಿರ ಕಲಿತವನೇ.

ಮಗಳು ಪಾಠಕ್ಕೆ ಹೋಗುವಾಗ ಅಪ್ಪನನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟಳು. ಅಲ್ಲಿಂದ ಅವರು ಮುಂದಕ್ಕೆ ಬಾಗಿ ಹ್ಯಾಂಡ್ ಬ್ರೇಕ್ ಎಳೆದರು. ಕಲಿಯುತ್ತಿದ್ದ ಬ್ಯಾಂಕಿನ ಗುಮಾಸ್ತ ಗಾಡಿಯನ್ನು ನಡುರಸ್ತೆಯಲ್ಲೇ ಬಿಟ್ಟು ಇಳಿದು ನಡೆದ, ಮತ್ತೆ ಸ್ಕೂಲಿನ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ ಬಿಟ್ಟು ಹೋದರೆ ಕಿಟಕಿಯ ಚಿಲಕ ಕಿತ್ತು ಬೀದಿಗೆ ಇಳಿಯುತ್ತಿದ್ದರು. ನೋಡಿಕೊಳ್ಳಲು ಇಟ್ಟ ಹೆಂಗಸರು ಒಬ್ಬರಾದ ಮೇಲೆ ಒಬ್ಬರು ಕೈ ಮುಗಿದು ಹೊರಟುಹೋದರು. ಕೊನೆಗೊಂದು ದಿನ ಮಗಳು ತರಕಾರಿ ಹಿಡಿದು ಬರುತ್ತಿದ್ದಾಗ, ದೊಡ್ಡ ರಸ್ತೆಯ ನಟ್ಟನಡುವೆ ಅಪ್ಪ ನಿಂತಿದ್ದರು. ಎದುರಿಗೆ ಲಾರಿ. ಮೇಷ್ಟ್ರು ಕೈ ಅಡ್ಡ ಹಾಕಿರಲಿಲ್ಲ, ಕೂಗಿರಲಿಲ್ಲ, ಬಲಗಾಲನ್ನು ಮಾತ್ರ ಟಾರಿನ ಮೇಲೆ ಊರಿ ಬಲವಾಗಿ ಒತ್ತುತ್ತಿದ್ದರು. ಲಾರಿ ಅವರ ಮೂಗಿನ ಹತ್ತಿರ ಬಂದು ನಿಂತಿತು. ಮೇಷ್ಟ್ರು ಮಗಳ ಕಡೆ ತಿರುಗಿ, "ನೋಡು, ಹೀಗೆ ಒತ್ತಬೇಕು" ಎಂದರು. ಮಗಳ ಕೈಯ ತರಕಾರಿ ರಸ್ತೆ ತುಂಬಾ ಉರುಳಿತು. ಅವತ್ತೇ ಅವಳು ಅಪ್ಪನನ್ನು ವೃದ್ಧರ ಹೋಮಿಗೆ ಸೇರಿಸುವ ತೀರ್ಮಾನ ಮಾಡಿದ್ದು.

ತೀರ್ಮಾನ ಮಾಡಿದ್ದೇ ತಡ, ಅಲ್ಲಿಯವರೆಗೆ ಎಲ್ಲಿದ್ದರೋ, ನೆಂಟರಿಗೆಲ್ಲ ಮೇಷ್ಟ್ರ ಮೇಲೆ ಪ್ರೀತಿ ಉಕ್ಕಿ ಹರಿಯಿತು. ಊರಿನ ಆ ತುದಿಯಲ್ಲಿ ಸಂಸಾರ ಹೂಡಿದ್ದ ಅಣ್ಣ ಫೋನು ಮಾಡಿದ.

"ಅಪ್ಪನ್ನ ಅಂಥಾ ಕಡೆಗೆಲ್ಲಾ ಕಳಿಸ್ಬೇಡ ಕಣೇ. ನೆನೆಸ್ಕೊಂಡ್ರೆ ನಂಗೆ ಒಂಥರಾ ಆಗುತ್ತೆ."

"ಆಯ್ತಣ್ಣ, ಕಳಿಸಲ್ಲ. ನಿಮ್ಮನೆಗೆ ಕರ್ಕೊಂಡು ಹೋಗು."

ಆ ಕಡೆಯಿಂದ ಕೆಮ್ಮು. "ನಮ್ಮ ಬಿಲ್ಡಿಂಗಲ್ಲಿ ಲಿಫ್ಟ್ ಇಲ್ವಲ್ಲೇ. ಅಪ್ಪ ಹೇಗೆ ಹತ್ತುತ್ತಾರೆ?"

"ಅಪ್ಪನ ಕಾಲು ಗಟ್ಟಿಮುಟ್ಟಾಗೇ ಇದೆ. ಕೆಟ್ಟಿರೋದು ತಲೆ."

"ಅದೇ ನಾನೂ ಹೇಳ್ತಿರೋದು. ದಡದಡ ಇಳ್ಕೊಂಡು ಎಲ್ಲಾದ್ರೂ ಹೊರಟುಹೋದ್ರೆ?"

ಹತ್ತುವುದಕ್ಕೆ ಆಗದ ಅಪ್ಪ, ಇಳಿಯುವುದಕ್ಕೆ ಮಾತ್ರ ದಡದಡ. ಮಗಳು ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ಅದರ ಮುಖ ನೋಡಿ ಇಟ್ಟುಬಿಟ್ಟಳು.

ಮೇಷ್ಟ್ರ ತಂಗಿ, ಅಂದರೆ ಸೋದರತ್ತೆ, ಫೋನಿನಲ್ಲಿ ಅಳುವ ಪೈಕಿಯಲ್ಲ. ಎದುರಿಗೇ ಬಂದು, ಸೋಫಾದ ಮೇಲೆ ಪಟ್ಟಾಗಿ ಕೂತು, ಕಾಫಿ ಕುಡಿದು, ಆಮೇಲೆ ಅತ್ತರು. "ಹೆತ್ತಪ್ಪನ್ನ ಅನಾಥಾಶ್ರಮಕ್ಕೆ ಹಾಕ್ತೀಯೇನೇ ತಾಯಿ?"

"ಅನಾಥಾಶ್ರಮ ಅಲ್ಲ ಅತ್ತೆ. ಅನಾಥರಿಗೆ ನಿಮ್ಮಂಥ ನೆಂಟರು ಇರಲ್ಲ."

ಅತ್ತೆಗೆ ರೋಷ ಬಂತು. ತಮ್ಮ ಅಣ್ಣನನ್ನು ತಾವೇ ನೋಡಿಕೊಳ್ಳುತ್ತೇವೆ, ಒಡಹುಟ್ಟಿದವರ ಕರುಳು ಏನೆಂದು ತೋರಿಸುತ್ತೇವೆ ಎಂದು ಮೇಷ್ಟ್ರ ಕೈ ಹಿಡಿದು ಬೆಳಿಗ್ಗೆ ಕರೆದುಕೊಂಡು ಹೋದರು. ಮಧ್ಯಾಹ್ನದ ಊಟಕ್ಕೆ ಮುಂಚೆಯೇ ವಾಪಸ್ ತಂದು ಬಿಟ್ಟರು, ಕಾಲಿಗೆ ಸರಿಹೋಗದ ಚಪ್ಪಲಿಯನ್ನು ಅಂಗಡಿಗೆ ಹಿಂದಿರುಗಿಸುವ ಹಾಗೆ. ಅಷ್ಟರಲ್ಲಿ ಮೇಷ್ಟ್ರು ಅತ್ತೆಯ ಪಕ್ಕದ ಮನೆಯವರ ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡು, ಅವರ ಅಳಿಯನಿಗೆ ಅರ್ಧ ಪಾಠ ಮುಗಿಸಿದ್ದರು. ಒಡಹುಟ್ಟಿದ ಕರುಳಿನ ಸುದ್ದಿಯನ್ನು ಅತ್ತೆ ಮತ್ತೆ ಎತ್ತಲಿಲ್ಲ, ಅನಾಥಾಶ್ರಮದ ಸುದ್ದಿಯನ್ನು ಮಾತ್ರ ಬಿಡಲಿಲ್ಲ.

ಮಗಳು ನೋಡಿ ಬಂದ ಹೋಮು ಊರ ಹೊರಗೆ, ಉದ್ದನೆಯ ಇಳಿಜಾರು ರಸ್ತೆಯ ಬುಡದಲ್ಲಿತ್ತು. ಗೋಡೆಯ ಮೇಲೆ ಹಲ್ಲು ಕಿರಿದ ಮುದುಕ ಮುದುಕಿಯರ ದೊಡ್ಡ ಚಿತ್ರ, ಅಂಥ ಹಲ್ಲು ಒಳಗಿದ್ದ ಒಬ್ಬರಿಗೂ ಇರಲಿಲ್ಲ. ಮೇಲ್ವಿಚಾರಕಿಯ ಮಾತಿನಲ್ಲಿ ಸಕ್ಕರೆ ಒಂದು ಚಮಚ ಜಾಸ್ತಿ.

"ಇಲ್ಲಿ ರೋಗಿಗಳು ಅಂತ ಯಾರೂ ಇಲ್ಲ ಮೇಡಂ, ಎಲ್ಲರೂ ನಮ್ಮ ಅತಿಥಿಗಳು."

"ಅತಿಥಿಗಳು ಹೊರಗೆ ಹೋಗಿ ಬರಬಹುದಾ?"

"ಅಯ್ಯೋ, ಅದೆಲ್ಲಾ ಇಲ್ಲ. ಗೇಟಿಗೆ ಯಾವಾಗ್ಲೂ ಬೀಗ ಇರುತ್ತೆ."

ಆದರೂ ಮಗಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿದಳು. ನೆಲ ಒಣಗಿತ್ತು. ಹಾಸಿಗೆಯಲ್ಲಿ ವಾಸನೆ ಇರಲಿಲ್ಲ. ಒಬ್ಬ ಆಯಾ ಮುದುಕನಿಗೆ ಅನ್ನ ತಿನ್ನಿಸುತ್ತ, ಅವನು ಉಗುಳಿದ್ದನ್ನು ಒರೆಸಿ ಮತ್ತೆ ತಿನ್ನಿಸುತ್ತಿದ್ದಳು, ಯಾರೋ ನೋಡುತ್ತಿದ್ದಾರೆ ಎಂಬ ಪರಿವೆಯೇ ಅವಳಿಗಿರಲಿಲ್ಲ. ಸಕ್ಕರೆ ಮಾತಿಗಿಂತ ಇದು ವಾಸಿ ಎಂದು ಮಗಳು ಒಪ್ಪಿಕೊಂಡಳು.

ಹೊರಡುವ ಹೊತ್ತಿಗೆ ಒಂದು ಕಾರು ಬಂದು ನಿಂತಿತು. ಒಳಗಿಂದ ಇಳಿಯಲೊಲ್ಲದ ಮುದುಕಿಯನ್ನು ಮಗ ಒಂದು ರಟ್ಟೆ, ಸೊಸೆ ಒಂದು ರಟ್ಟೆ ಹಿಡಿದು ಎಳೆದರು, ಹಿಂದಿನಿಂದ ಡ್ರೈವರು ತಳ್ಳಿದ. "ಸುಮ್ನೆ ಬಾಮ್ಮಾ, ಮಾನ ತೆಗೀಬೇಡ" ಎಂದು ಮಗ ಹಲ್ಲು ಕಚ್ಚಿದ. ಅವರೆಲ್ಲ ಒಳಗೆ ಹೋದ ಮೇಲೂ ಮುದುಕಿಯ ಒಂದು ಚಪ್ಪಲಿ ಜಲ್ಲಿಕಲ್ಲಿನ ಮೇಲೆ ಬಿದ್ದಿತ್ತು. ಮಗಳು ಅದನ್ನು ಎತ್ತಿ ಮೆಟ್ಟಿಲ ಮೇಲಿಟ್ಟಳು. ನಮ್ಮಪ್ಪನನ್ನು ಹೀಗೆ ಎಳೆಯಬಾರದು, ಅಪ್ಪ ತನ್ನ ಕಾಲ ಮೇಲೆ ತಾನೇ ನಡೆದು ಈ ಗೇಟಿನೊಳಗೆ ಬರಬೇಕು. ಅದೊಂದು ಆದರೆ ಸಾಕು, ಜನ ಏನಾದರೂ ಅಂದುಕೊಳ್ಳಲಿ ಎಂದುಕೊಂಡಳು.

ಮೇಲ್ವಿಚಾರಕಿ ಗುಟ್ಟು ಹೇಳುವವಳಂತೆ ಹತ್ತಿರ ಬಂದಳು. "ಪ್ರವಾಸಕ್ಕೆ ಹೋಗ್ತಿದೀವಿ ಅಂತ ಹೇಳಿ ಕರ್ಕೊಂಡು ಬಂದ್ಬಿಡಿ ಮೇಡಂ. ಎಲ್ಲರೂ ಹಾಗೇ ಮಾಡೋದು."

"ಎಲ್ಲರ ವಿಷಯ ನಂಗೆ ಬೇಡ. ನಮ್ಮಪ್ಪನಿಗೆ ನಾನು ಸುಳ್ಳು ಹೇಳಲ್ಲ."

ಮಾತೇನೋ ಭರ್ಜರಿಯಾಗಿತ್ತು. ಮನೆಗೆ ಹೋಗಿ ಅಪ್ಪನ ಎದುರು ಕುರ್ಚಿ ಎಳೆದುಕೊಂಡು, ಇದ್ದದ್ದು ಇದ್ದ ಹಾಗೆ ಹೇಳಿದಳು. "ಅಪ್ಪಾ, ನಿನ್ನನ್ನ ನೋಡ್ಕೊಳ್ಳೋಕೆ ನನ್ನೊಬ್ಬಳ ಕೈಲಿ ಆಗ್ತಿಲ್ಲ. ಒಂದು ಒಳ್ಳೇ ಜಾಗ ನೋಡಿದೀನಿ. ಅಲ್ಲಿರು. ನಾನು ಬರ್ತಾ ಇರ್ತೀನಿ." ಮೇಷ್ಟ್ರು ಗಂಭೀರವಾಗಿ ಎಲ್ಲ ಕೇಳಿ, "ಆಗ್ಲಿ ಮೇಡಂ. ಮೊದಲು ಹೋಗಿ ಲರ್ನಿಂಗ್ ಲೈಸೆನ್ಸ್ ಮಾಡಿಸ್ಕೊಂಡು ಬನ್ನಿ" ಎಂದರು. ಸತ್ಯದ ಕಥೆ ಅಲ್ಲಿಗೆ ಮುಗಿಯಿತು.

ಮೊದಲ ಸಲ ಟ್ಯಾಕ್ಸಿ ಕರೆಸಿದಳು. ಮೇಷ್ಟ್ರು ಹಿಂದೆ ಕೂರಲು ಸುತರಾಂ ಒಪ್ಪಲಿಲ್ಲ. ಹಿಂದೆ ಇಡುವುದು ಸಾಮಾನು, ಮೇಷ್ಟ್ರನ್ನಲ್ಲ ಎಂದು ಮುಂದೆಯೇ ಕೂತರು. ಕೂತವರ ಕಾಲು ಕೆಳಗೆ ತಡಕಾಡಿತು. ಪೆಡಲ್ ಸಿಗಲಿಲ್ಲ. "ಏಯ್, ಈ ಗಾಡೀಲಿ ಬ್ರೇಕೇ ಇಲ್ಲ!" ಎಂದವರೇ ಓಡುತ್ತಿದ್ದ ಗಾಡಿಯ ಬಾಗಿಲು ತೆಗೆದರು. ಟ್ಯಾಕ್ಸಿಯವನ ಜೀವ ಬಾಯಿಗೆ ಬಂತು. ಬೀದಿಯ ತಿರುವಿನಲ್ಲೇ ಇಬ್ಬರನ್ನೂ ಇಳಿಸಿ, ಹಿಂತಿರುಗಿ ನೋಡದೆ ಹೋದ.

ಹಾಗಾದರೆ ಅವರದೇ ಗಾಡಿ ಎಂದು ಎರಡನೆಯ ಸಲ ಮಗಳು ಸ್ಕೂಲಿನ ಕಾರನ್ನೇ ತೆಗೆದಳು. ಎಂಥ ಬುದ್ಧಿವಂತಿಕೆ! ಬೇಡ ಎನ್ನುವವನನ್ನು ಸಾಗಿಸಲು ಜಗತ್ತಿನಲ್ಲಿರುವ ಗಾಡಿಗಳಲ್ಲೆಲ್ಲ, ಪಕ್ಕದ ಸೀಟಿನಲ್ಲೂ ಬ್ರೇಕ್ ಇರುವ ಗಾಡಿಯೇ ಬೇಕಾಯಿತು ಅವಳಿಗೆ. ಮೇಷ್ಟ್ರು ಮಹಾ ಖುಷಿಯಲ್ಲಿ ತಮ್ಮ ಸೀಟಿನಲ್ಲಿ ಕೂತು, ಹೆಜ್ಜೆಗೊಂದು ಸಲ ಬ್ರೇಕ್ ಒತ್ತಿದರು. ತಿರುವಿನಲ್ಲಿ ಒತ್ತಿದರು, ಉಬ್ಬಿನಲ್ಲಿ ಒತ್ತಿದರು, ದಾಟಲು ಮನಸ್ಸೇ ಇಲ್ಲದೆ ನಿಂತಿದ್ದ ನಾಯಿಯನ್ನು ಕಂಡು ಒತ್ತಿದರು. ದೊಡ್ಡ ಚೌಕದಲ್ಲಿ ಹಸಿರು ದೀಪ ಬಂದಾಗ ಕ್ಲಚ್ಚು, ಬ್ರೇಕು ಎರಡನ್ನೂ ಒಟ್ಟಿಗೆ ಅದುಮಿ ಕೂತುಬಿಟ್ಟರು. ಹಿಂದೆ ಹಾರ್ನುಗಳ ಗದ್ದಲ, ಬೈಗುಳದ ಸುರಿಮಳೆ.

"ಕಾಲು ತೆಗಿ ಅಪ್ಪಾ! ದಮ್ಮಯ್ಯ, ಕಾಲು ತೆಗಿ!"

"ತೆಗೆಯಲ್ಲ. ತೆಗೆದ್ರೆ ನೀನು ಎಲ್ಲಿಗೋ ಹೊರಟುಹೋಗ್ತೀಯ."

ಹಸಿರು ಕೆಂಪಾಯಿತು, ಕೆಂಪು ಮತ್ತೆ ಹಸಿರಾಯಿತು. ಮಗಳು ಸೋತು, ಆಯಿತು, ಮನೆಗೇ ಹೋಗೋಣ ಎಂದ ಮೇಲೆ ಕಾಲು ಸಡಿಲವಾಯಿತು. ಸಂಜೆ ಅಣ್ಣನಿಗೆ ಸುದ್ದಿ ಮುಟ್ಟಿ, ಅವನು ಫೋನಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಪ್ಪಂಗೆ ಇಷ್ಟ ಇಲ್ಲ ಅಂತ ಗೊತ್ತಾಯ್ತಲ್ಲ, ಬಿಟ್ಬಿಡೇ" ಎಂದ. ಬಿಟ್ಟುಬಿಡುವುದರಲ್ಲಿ ಅವನು ಪಳಗಿದ ಕೈ. ಆ ವಾರದಲ್ಲೇ ಮೇಷ್ಟ್ರು ಮತ್ತೆ ಕಿಟಕಿಯಿಂದ ಇಳಿದು ದೊಡ್ಡ ರಸ್ತೆ ಸೇರಿದ್ದರು. ಬೀದಿಯ ಕೊನೆಯ ಅಂಗಡಿಯವನು ಕಂಡು ಹಿಡಿದು ತಂದದ್ದಕ್ಕೆ ಉಳಿದುಕೊಂಡರು.

ಮಗಳು ಗಾಡಿ ತೆಗೆದುಕೊಂಡು ನೇರ ಮೆಕ್ಯಾನಿಕ್ಕಿನ ಹತ್ತಿರ ಹೋದಳು. ಆ ಪಕ್ಕದ ಪೆಡಲುಗಳನ್ನು ಕೂರಿಸಿದವನೇ ಅವನು. ಕೆಳಗೆ ಬಗ್ಗಿ ಟಾರ್ಚು ಹಿಡಿದು ನೋಡಿ ಎದ್ದ. "ಎರಡೂ ಕಡೆ ಪೆಡಲ್ ಸೇರಿಸೋ ರಾಡು ಇದೆ ನೋಡಿ, ಅದು ಬಿಚ್ಚಿದ್ರೆ ಆಯ್ತು. ನಿಮ್ಮ ಬ್ರೇಕ್ ನಿಮಗೆ ಸರಿಯಾಗೇ ಇರುತ್ತೆ. ಮೇಷ್ಟ್ರ ಕಡೆ ಪೆಡಲ್ ಸುಮ್ನೆ ಇರುತ್ತೆ, ಹಿಡಿಯಲ್ಲ."

"ಬಿಚ್ಚಿ."

ಅವನು ಸ್ಪ್ಯಾನರ್ ಕೈಗೆತ್ತಿಕೊಂಡ. "ನಾನು ಬಿಚ್ಚಿದ್ದು ಅಂತ ಮೇಷ್ಟ್ರಿಗೆ ಹೇಳ್ಬೇಡಿ."

"ಹೇಳಿದ್ರೆ ತಾನೇ ಅವರಿಗೆ ನೆನಪಿರುತ್ತಾ?"

"ಆದ್ರೂ ಬೇಡ."

ಅಪ್ಪನಿಗೆ ಸುಳ್ಳು ಹೇಳುವುದಿಲ್ಲ ಎಂದು ಎದೆ ತಟ್ಟಿಕೊಂಡವಳು ಇವಳೇ. ಬಾಯಿಂದ ಬಂದರೆ ಮಾತ್ರ ಸುಳ್ಳು, ಸ್ಪ್ಯಾನರಿನಿಂದ ಬಂದರೆ ರಿಪೇರಿ ಅಂತಲೋ ಏನೋ. ರಾಡನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿ ಹಾಕಿಕೊಂಡು ಮನೆಗೆ ಬಂದಳು.

ಮಾರನೆಯ ಬೆಳಿಗ್ಗೆ ಅಪ್ಪನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ಶೂ ಕಟ್ಟಿ, ಕಾರು ಹತ್ತಿಸಿದಳು. ಅಣ್ಣನಿಗೆ ಏನೋ ಮೀಟಿಂಗ್ ಇತ್ತು. ಅತ್ತೆ ಬಾಗಿಲಲ್ಲಿ ನಿಂತು ಒಣಗಿದ ಕಣ್ಣನ್ನೇ ಒರೆಸಿ ಒರೆಸಿ ಕೆಂಪು ಮಾಡಿಕೊಂಡರು.

ಮಗಳು ಒಂದು ಉಪಾಯ ಹೂಡಿದ್ದಳು. ಅಪ್ಪನ ಮಂಡಿಯ ಮೇಲೊಂದು ಕಣ್ಣಿಟ್ಟಿದ್ದಳು. ಆ ಮಂಡಿ ಮುಂದಕ್ಕೆ ಚಾಚಿದ ಕೂಡಲೇ ತಾನೇ ತನ್ನ ಕಡೆಯ ಬ್ರೇಕನ್ನು ಮೆಲ್ಲಗೆ ಒತ್ತುತ್ತಿದ್ದಳು. ಗಾಡಿ ನಿಧಾನವಾಗುತ್ತಿತ್ತು, ಮೇಷ್ಟ್ರಿಗೆ ತಮ್ಮ ಕಾಲೇ ನಿಲ್ಲಿಸಿತೆಂಬ ಸಮಾಧಾನ. "ಇಂಡಿಕೇಟರ್ ಯಾರ ತಾತ ಹಾಕ್ತಾನೆ?" "ಸ್ಟೇರಿಂಗ್ ಹಿಡಿ ಅಂದ್ರೆ ನೆಂಟರ ಕೈ ಕುಲುಕಿದ ಹಾಗೆ ಹಿಡೀತೀಯಲ್ಲ!" ಎಂದು ದಾರಿಯುದ್ದಕ್ಕೂ ಬೈಯುತ್ತಿದ್ದರು. ಬೈಗುಳ ಕೇಳುತ್ತ ಅವಳಿಗೆ ನೆಮ್ಮದಿಯಾಯಿತು. ದೊಡ್ಡ ಚೌಕ ದಾಟಿತು. ಊರು ಮುಗಿಯಿತು. ಇಳಿಜಾರು ಶುರುವಾಯಿತು.

ಇಳಿಜಾರಿನ ಬುಡದಲ್ಲಿ ಗೇಟು ಕಂಡಿತು. ಗೇಟಿನ ಮುಂದೆ ಮೇಲ್ವಿಚಾರಕಿ, ಪಕ್ಕದಲ್ಲಿ ಇಬ್ಬರು ದಾಂಡಿಗರು, ರಟ್ಟೆ ಹಿಡಿದು ಎಳೆಯಲೆಂದೇ ನಿಂತವರಂತೆ. ಇವರನ್ನು ಯಾರು ಕರೆದರು ಎಂದುಕೊಂಡಳು ಮಗಳು. ಕಣ್ಣು ಅವರ ಮೇಲೇ ನೆಟ್ಟು, ಅಪ್ಪನ ಮಂಡಿಯನ್ನು ನೋಡುವುದು ಮರೆತಳು.

ಮೇಷ್ಟ್ರು ಬ್ರೇಕ್ ಒತ್ತಿದರು. ಪೆಡಲ್ ಲಟಕ್ಕೆಂದು ನೆಲಕ್ಕೆ ಬಡಿಯಿತು. ಮತ್ತೆ ಒತ್ತಿದರು, ಮತ್ತೆ ಲಟಕ್ಕೆಂದಿತು. ಗಾಡಿ ಇಳಿಯುತ್ತಲೇ ಇತ್ತು.

ಮಗಳಿಗೆ ಸದ್ದು ಕೇಳಿಸಿತು. ಈಗ ಬೀಳುತ್ತದೆ ಬೈಗುಳ ಎಂದು ಕಾದಳು. ಬೀಳಲಿಲ್ಲ.

"ಮಗೂ" ಎಂದರು ಮೇಷ್ಟ್ರು. "ಹೆದರ್ಬೇಡ. ಬ್ರೇಕ್ ಹೋಗಿದೆ. ನಾನಿದೀನಿ."

ಆ ದನಿ ಕೇಳಿ ಎಷ್ಟು ಕಾಲವಾಗಿತ್ತು! ಮಗಳ ಬಲಗಾಲ ಕೆಳಗೇ ಅವಳ ಬ್ರೇಕಿತ್ತು, ಗಟ್ಟಿಯಾಗಿ, ಸರಿಯಾಗಿ. ಒತ್ತಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಅವಳು ಒತ್ತಲಿಲ್ಲ. ಅಷ್ಟೊಂದು ಜನಕ್ಕೆ ಪಾಠ ಹೇಳಿದವಳು, ನಿನ್ನೆಯಷ್ಟೇ ಸ್ಟೇರಿಂಗ್ ಮುಟ್ಟಿದವಳ ಹಾಗೆ, ಅಪ್ಪ ಹೇಳಿದ್ದನ್ನು ಮಾಡಿದಳು.

"ಆಕ್ಸಿಲರೇಟರಿಂದ ಕಾಲು ತೆಗಿ. ಹಾಂ. ಗೇರ್ ಒಂದೊಂದೇ ಇಳಿಸು, ಅವಸರ ಬೇಡ. ಹಾರ್ನ್ ಹೊಡೀತಾ ಇರು, ಮುಂದಿರೋರು ಸರೀಲಿ. ಈಗ ಹ್ಯಾಂಡ್ ಬ್ರೇಕ್ ನಾನು ಎಳೀತೀನಿ. ನೀನು ಸ್ಟೇರಿಂಗ್ ಮಾತ್ರ ನೋಡ್ಕೋ. ಆ ಮಣ್ಣಿನ ಕಡೆ ತಗೋ ಮಗೂ. ಮೆಲ್ಲಗೆ. ಶಭಾಷ್."

ಇಂಜಿನ್ ಗುರುಗುಟ್ಟಿತು, ಗಾಡಿ ಕುಂಟಿತು, ಹ್ಯಾಂಡ್ ಬ್ರೇಕ್ ಮೇಷ್ಟ್ರ ಮುಷ್ಟಿಯಲ್ಲಿ ಇಷ್ಟಿಷ್ಟೇ ಏರಿತು. ಬೆಳಿಗ್ಗೆ ಅಂಗಿಯ ಗುಂಡಿ ಯಾವುದಕ್ಕೆಂದು ತಿಳಿಯದೆ ಕೈಚೆಲ್ಲಿ ನಿಂತಿದ್ದ ಮನುಷ್ಯ ಇವರೇ. ಕಾರು ಗೇಟಿನ ಪಕ್ಕದ ಮಣ್ಣಿಗೆ ಹತ್ತಿ ನಿಂತಿತು. ಆಮೇಲೆ ಮೇಷ್ಟ್ರು ಕೈ ಚಾಚಿ ಮಗಳ ತಲೆ ಮುಟ್ಟಿ ನೋಡಿದರು. "ಏನೂ ಆಗ್ಲಿಲ್ಲ ತಾನೇ?"

ಇಲ್ಲ ಎಂದು ಅವಳು ತಲೆಯಾಡಿಸಿದಳು.

"ಈ ಗಾಡಿ ಇನ್ನು ಒಂದಡಿ ಮುಂದಕ್ಕೆ ಹೋಗ್ಬಾರ್ದು. ಹೋಗಿ ಮೆಕ್ಯಾನಿಕ್ ಕರ್ಕೊಂಡು ಬಾ. ಅಲ್ಲೀವರೆಗೂ ನಾನು ಇಲ್ಲೇ ಕೂತಿರ್ತೀನಿ" ಎಂದು ಮೇಷ್ಟ್ರು ತಾವೇ ಬಾಗಿಲು ತೆಗೆದು ಇಳಿದರು. ದಾಂಡಿಗರು ಮುಂದೆ ಬಂದರು, ಮೇಷ್ಟ್ರು ನೋಡಿದ ನೋಟಕ್ಕೆ ಪಕ್ಕಕ್ಕೆ ಸರಿದರು.

"ಬನ್ನಿ ಅಂಕಲ್, ಬನ್ನಿ! ಇದು ನಿಮ್ಮದೇ ಮನೆ!" ಎಂದಳು ಮೇಲ್ವಿಚಾರಕಿ.

"ನನ್ನ ಮನೆ ಯಾವುದು ಅಂತ ನಂಗೊತ್ತಮ್ಮ. ಕೂರೋಕೆ ಒಂದು ಕುರ್ಚಿ ಕೊಡು, ಸಾಕು."

ಹಾಗೆ ಹೇಳಿ ನೆಟ್ಟಗೆ, ತಮ್ಮ ಕಾಲ ಮೇಲೆ ತಾವೇ, ಎರಡೂ ಶೂ ಸಮೇತ ಗೇಟಿನೊಳಗೆ ನಡೆದು ಹೋದರು. ಮಗಳು ಬೇಡಿಕೊಂಡದ್ದು ಚಾಚೂ ತಪ್ಪದೆ ನೆರವೇರಿತು. ಅವಳು ಸ್ಟೇರಿಂಗಿಗೆ ಹಣೆ ಹಚ್ಚಿ, ಗಂಟಲು ಬಿರಿಯುವಂತೆ ಅತ್ತಳು.

ಮನೆಯವರ ಕಣ್ಣಿನಲ್ಲಿ ಅವಳು ಒಂದೇ ದಿನದಲ್ಲಿ ಮಹಾ ಚಾಣಾಕ್ಷೆಯಾದಳು. "ರಾಡ್ ಬಿಚ್ಚಿಸಿದ್ದಾ? ಎಂಥಾ ತಲೆ ಕಣೇ ನಿಂದು! ಕಳಿಸು ಕಳಿಸು ಅಂತ ನಾನು ಮೊದಲಿಂದ ಹೇಳ್ತಾನೇ ಇದ್ದೆ" ಎಂದ ಅಣ್ಣ. ಅತ್ತೆಯಂತೂ ತಮ್ಮ ಅಣ್ಣ ಎಷ್ಟು ಒಳ್ಳೆಯ ಜಾಗದಲ್ಲಿದ್ದಾನೆ ಎಂದು ನೆಂಟರ ಮನೆಮನೆಗೆ ಹೋಗಿ ಹೇಳಿದರು. ಹೋಮಿಗೆ ಮಾತ್ರ ಒಮ್ಮೆಯೂ ಹೋಗಲಿಲ್ಲ, ಅವರಿಗೆ ಮಂಡಿ ನೋವು.

ಮಗಳು ವಾರವಾರ ಹೋದಳು. ಹೋದಾಗಲೆಲ್ಲ ಮೇಷ್ಟ್ರದು ಒಂದೇ ಪ್ರಶ್ನೆ. "ಬ್ರೇಕ್ ಸರಿ ಮಾಡಿಸಿದ್ಯಾ?" ರಾಡನ್ನು ಆ ಮಾರನೆಯ ದಿನವೇ ಮತ್ತೆ ಕೂರಿಸಿಯಾಗಿತ್ತು, ಪಾಠ ನಡೆಯಬೇಕಲ್ಲ. ಆದರೆ ಸರಿಯಾಯಿತು ಎಂದರೆ, ನಡಿ ಮನೆಗೆ ಎನ್ನುತ್ತಾರೆ. ಅದಕ್ಕೇ, "ಇನ್ನೂ ಇಲ್ಲ ಅಪ್ಪಾ" ಎನ್ನುತ್ತಿದ್ದಳು. "ಮತ್ತೆ ಹೇಗೆ ಬಂದೆ?" "ನಡ್ಕೊಂಡು." ಅಷ್ಟಕ್ಕಾದರೂ ಅದು ನಿಜವಾಗಲಿ ಎಂದು ಕಾರನ್ನು ಇಳಿಜಾರಿನ ಮೇಲೆಯೇ ನಿಲ್ಲಿಸಿ, ನಡೆದೇ ಇಳಿದು ಬರುತ್ತಿದ್ದಳು. ಸುಳ್ಳಿನ ಹೊರೆ ಹೊತ್ತವರಿಗೆ ಇಂಥ ಚಿಲ್ಲರೆ ಪ್ರಾಮಾಣಿಕತೆ ಬಹಳ.

ಬರಬರುತ್ತ ಮೇಷ್ಟ್ರು ಪ್ರಶ್ನೆ ಕೇಳುವುದನ್ನು ನಿಲ್ಲಿಸಿದರು. ಅವಳನ್ನು ಮೇಡಂ ಎಂದು ಕರೆದು ಕುರ್ಚಿ ತೋರಿಸುತ್ತಿದ್ದರು, ಯಾರೋ ಸೇರಿಕೊಳ್ಳಲು ಬಂದವರು ಎಂಬಂತೆ. ನೆನಪೆಲ್ಲ ಹೋಯಿತು, ಬ್ರೇಕಿನ ಚಿಂತೆಯೂ ಹೋಗಿರಬೇಕು, ಸದ್ಯ ಎಂದುಕೊಂಡಳು. ಆದರೆ ಅನ್ನ ತಿನ್ನಿಸುವ ಆ ಆಯಾ ಒಂದು ದಿನ ಅವಳನ್ನು ಪಕ್ಕಕ್ಕೆ ಕರೆದಳು. "ಮಧ್ಯಾಹ್ನ ಒಂದಿಷ್ಟು ಮಲಗಿ ಅಂದ್ರೂ ಮಲಗಲ್ಲಮ್ಮ. ಮೇಲೆ ಗಾಡಿ ಸದ್ದು ಕೇಳಿದ್ರೆ ಸಾಕು, ತಟ್ಟೆ ಬಿಟ್ಟು ಗೇಟಿಗೆ ಓಡ್ತಾರೆ. ಬ್ರೇಕ್ ಇಲ್ಲ, ಬ್ರೇಕ್ ಇಲ್ಲ ಅಂತ ಒಂದೇ ಸಮ ಒದ್ದಾಡ್ತಾರೆ. ನೋಡೋಕಾಗಲ್ಲ."

ಸಾಕಪ್ಪಾ ಸಾಕು ಎನ್ನಿಸಿತು ಮಗಳಿಗೆ. ಅವರು ಬರುತ್ತೇನೆ ಎಂದರೆ ಕರೆದುಕೊಂಡು ಹೋಗುವುದೇ. ಕಿಟಕಿಗೆ ಕಂಬಿ ಹಾಕಿಸಿದರಾಯಿತು, ಸ್ಕೂಲಿಗೆ ಬೀಗ ಹಾಕಿದರಾಯಿತು. ಸೀದಾ ಮೇಲಕ್ಕೆ ಹತ್ತಿ, ಕಾರನ್ನು ಇಳಿಜಾರಿನಲ್ಲಿ ಇಳಿಸಿಕೊಂಡು ಬಂದು ಗೇಟಿನ ಮುಂದೆಯೇ ನಿಲ್ಲಿಸಿದಳು. ಮೇಷ್ಟ್ರು ಆಗಲೇ ಗೇಟಿನ ಸರಳು ಹಿಡಿದು ನಿಂತಿದ್ದರು. ಬೀಗ ತೆಗೆಸಿ ಅವರನ್ನು ಹೊರಗೆ ಕರೆದಳು.

"ಅಪ್ಪಾ, ಬ್ರೇಕ್ ಸರಿಯಾಯ್ತು."

"ಯಾರು ನೋಡಿದ್ರು? ಒತ್ತಿ ನೋಡದೆ ನಂಬಬಾರದು ಮೇಡಂ" ಎಂದು ಮೇಷ್ಟ್ರು ಪಕ್ಕದ ಸೀಟಿನಲ್ಲಿ ಕೂತರು. ಬಲಗಾಲು ಪೆಡಲನ್ನು ಹುಡುಕಿ, ಒತ್ತಿತು. ಹಿಡಿಯಿತು. ಮತ್ತೆ ಒತ್ತಿತು, ಮತ್ತೆ ಹಿಡಿಯಿತು. ಸ್ವಲ್ಪ ಮುಂದಕ್ಕೆ ಓಡಿಸಿ ಎಂದು ಅವಳಿಗೆ ಸನ್ನೆ ಮಾಡಿ, ಓಡುತ್ತಿದ್ದ ಗಾಡಿಯನ್ನೂ ನಿಲ್ಲಿಸಿ ನೋಡಿದರು. ಮುಖದ ತುಂಬ ತೃಪ್ತಿ.

"ಗಟ್ಟಿ ಬ್ರೇಕು. ನೀವಿನ್ನು ಧೈರ್ಯವಾಗಿ ಹೋಗಿ" ಎಂದು ಬಾಗಿಲು ತೆಗೆದರು.

"ಇಳೀಬೇಡ ಅಪ್ಪಾ. ನಡಿ, ಮನೆಗೆ ಹೋಗೋಣ."

"ನಾನು ಬರೋ ಹಾಗಿಲ್ಲ ಮೇಡಂ. ನನ್ನ ಮಗಳು ಬರೋದಿದೆ. ಈ ಇಳಿಜಾರಲ್ಲೇ ಬರ್ತಾಳೆ. ಅವಳ ಗಾಡೀಲಿ ಬ್ರೇಕ್ ಇಲ್ಲ." ದನಿ ತಗ್ಗಿಸಿ ಹೇಳಿದರು. "ಪಾಪ, ಅವಳಿಗೆ ಅದು ಗೊತ್ತೂ ಇಲ್ಲ. ನಾನಿಲ್ಲಿ ಇಲ್ದಿದ್ರೆ ಅವಳ ಗತಿ ಏನು?"

"ನಾನೇ ಅಪ್ಪಾ ನಿನ್ನ ಮಗಳು!"

ಮೇಷ್ಟ್ರು ಅವಳ ಒದ್ದೆ ಮುಖವನ್ನು ನೋಡಿ ಮೂಗು ಮುರಿದರು. "ನನ್ನ ಮಗಳು ಸ್ಟೇರಿಂಗ್ ಹಿಡ್ಕೊಂಡು ಅಳ್ತಾ ಕೂರೋಳಲ್ಲ ಮಹಾರಾಣಿ. ಅವಳಿಗೆ ನಾನು ಕಲ್ಸಿರೋದು. ಹೂಂ, ಗಾಡಿ ತೆಗೀರಿ. ದಾರಿಗೆ ಅಡ್ಡ ನಿಲ್ಲಬಾರದು, ಅವಳು ಬರೋ ಹೊತ್ತು."

ಬಾಗಿಲು ಹಾಕಿದರು. ಹಿಂದಿನ ಗಾಜು ತಟ್ಟಿ ಸಾಗಹಾಕಿದರು. ಮಗಳು ಮೊದಲನೇ ಗೇರಿನಲ್ಲಿ ಇಳಿಜಾರು ಹತ್ತುತ್ತ, ಅವರು ಕಲಿಸಿದ ಹಾಗೆ ಕನ್ನಡಿಯಲ್ಲಿ ಹಿಂದಕ್ಕೆ ನೋಡಿದಳು. ಅಪ್ಪ ರಸ್ತೆಯ ಬುಡದಲ್ಲಿ ನಿಂತು, ಅವಳ ಕಾರನ್ನು ದಾಟಿ ಆಚೆ, ಇಳಿಜಾರಿನ ತುದಿಯನ್ನೇ ನೋಡುತ್ತಿದ್ದರು. ಬಲಗಾಲು ನೆಲವನ್ನು ಒತ್ತಿ ಹಿಡಿದಿತ್ತು.